ವಿಕಿರಣಶೀಲ ವಸ್ತುಗಳ ಸಾಗಣೆ ಮತ್ತು ಪ್ಯಾಕೇಜ್ ಸುರಕ್ಷತಾ ವರದಿ

ವಿಕಿರಣಶೀಲ ವಸ್ತುವನ್ನು ರಸ್ತೆ, ರೈಲು, ಹಡಗು ಅಥವಾ ವಿಮಾನದಲ್ಲಿ ಒಯ್ಯುವ ಪೆಟ್ಟಿಗೆ ದಾರಿಯಲ್ಲಿ ಬಿದ್ದರೂ, ಬೆಂಕಿಗೆ ಸಿಕ್ಕರೂ, ನೀರಿನಲ್ಲಿ ಮುಳುಗಿದರೂ ಒಳಗಿನದನ್ನು ಅಪಾಯಕರ ಪ್ರಮಾಣದಲ್ಲಿ ಹೊರಗೆ ಬಿಡುವುದಿಲ್ಲವೆಂದು ನಕ್ಷೆ, ಲೆಕ್ಕ ಹಾಗೂ ಪರೀಕ್ಷೆಗಳ ಮೂಲಕ ನಿಯಂತ್ರಣ ಸಂಸ್ಥೆಯ ಮುಂದೆ ಸಾಧಿಸಿ ತೋರಿಸುವ ದಾಖಲೆಗೆ ಪ್ಯಾಕೇಜ್ ಸುರಕ್ಷತಾ ವರದಿ ಎಂದು ಹೆಸರು. ಇದರ ಹಿಂದಿರುವ ತತ್ತ್ವ ಸರಳವಾದುದು. ಲಾರಿಯ ಚಾಲಕನಿಗಾಗಲಿ, ನಿಲ್ದಾಣದಲ್ಲಿ ಸರಕು ಇಳಿಸುವ ಹಮಾಲಿಗಾಗಲಿ ವಿಕಿರಣದ ವಿದ್ಯೆ ಗೊತ್ತಿರಬೇಕೆಂದು ನಿರೀಕ್ಷಿಸುವಂತಿಲ್ಲ, ಅಪಘಾತವಾದ ಕಡೆಗೆ ತಜ್ಞರು ಆ ಗಳಿಗೆಯಲ್ಲೇ ಬಂದಾರೆಂಬ ಭರವಸೆಯೂ ಇಲ್ಲ. ಆದ್ದರಿಂದ ರಕ್ಷಣೆ ಪೆಟ್ಟಿಗೆಯಲ್ಲೇ ಅಡಕವಾಗಿರಬೇಕು, ಹಾಗೆ ಅಡಕವಾಗಿದೆ ಎಂಬುದಕ್ಕೆ ಪೆಟ್ಟಿಗೆ ಮನೆ ಬಿಡುವ ಮುನ್ನವೇ ಲಿಖಿತ ಪುರಾವೆ ಸಿದ್ಧವಿರಬೇಕು.

ಈ ಕ್ಷೇತ್ರದಲ್ಲಿ ಪ್ಯಾಕೇಜಿಂಗ್ ಮತ್ತು ಪ್ಯಾಕೇಜ್ ಎಂಬ ಎರಡು ಮಾತುಗಳಿಗೆ ಬೇರೆ ಬೇರೆ ಅರ್ಥವಿದೆ. ಉಕ್ಕಿನ ಹೊರಮೈ, ಸೀಸದ ಕವಚ, ಮುಚ್ಚಳ, ಬೋಲ್ಟು, ರಬ್ಬರಿನ ಉಂಗುರ ಇವೆಲ್ಲ ಸೇರಿದ ಖಾಲಿ ಪೆಟ್ಟಿಗೆ ಪ್ಯಾಕೇಜಿಂಗ್. ಅದರೊಳಗೆ ನಿರ್ದಿಷ್ಟ ವಸ್ತುವನ್ನು ನಿರ್ದಿಷ್ಟ ಪ್ರಮಾಣದಲ್ಲಿ ತುಂಬಿ ಮುಚ್ಚಿದಾಗ ಮಾತ್ರ ಅದು ಪ್ಯಾಕೇಜ್. ಸುರಕ್ಷತಾ ವರದಿ ಬರೆಯುವುದು ಈ ಎರಡನೆಯದಕ್ಕೆ. ಕೋಬಾಲ್ಟ್-60ಕ್ಕೆಂದು ಅನುಮತಿ ಪಡೆದ ಪೆಟ್ಟಿಗೆ ಎಷ್ಟೇ ಗಟ್ಟಿಯಾಗಿದ್ದರೂ ಅದರಲ್ಲಿ ಬೇರೊಂದು ಐಸೋಟೋಪನ್ನು ತುಂಬಿದ ಕೂಡಲೇ ವರದಿಯ ಲೆಕ್ಕಗಳು ಅದಕ್ಕೆ ಅನ್ವಯಿಸದೆ ಹೋಗುತ್ತವೆ, ಏಕೆಂದರೆ ಕವಚದ ದಪ್ಪ, ಒಳಗೆ ಹುಟ್ಟುವ ಶಾಖ, ಸೋರಿಕೆಯ ಮಿತಿ ಎಲ್ಲವೂ ಒಳಗಿರುವ ವಸ್ತುವನ್ನು ಅವಲಂಬಿಸಿರುತ್ತವೆ.

ಈ ನಿಯಮಗಳ ಹುಟ್ಟಿಗೆ ಮನುಷ್ಯನ ಆರೋಗ್ಯಕ್ಕಿಂತ ಮೊದಲು ಫೋಟೊ ಫಿಲ್ಮಿನ ಆರೋಗ್ಯ ಕಾರಣವಾಯಿತೆಂಬುದು ಸ್ವಾರಸ್ಯದ ಸಂಗತಿ. ಕಳೆದ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಅಂಚೆ ಮತ್ತು ರೈಲು ಸರಕಿನಲ್ಲಿ ರೇಡಿಯಂ ಕಟ್ಟುಗಳ ಪಕ್ಕದಲ್ಲಿ ಇಟ್ಟ ಫಿಲ್ಮ್ ಸುರುಳಿಗಳು ತೊಳೆಯುವ ಮೊದಲೇ ಮಸುಕಾಗುತ್ತಿದ್ದವು, ದೂರುಗಳು ಬಂದವು, ಅಲ್ಲಿಂದ ಮಿತಿಗಳು ಶುರುವಾದವು. ತೊಳೆಯದ ಫಿಲ್ಮನ್ನು ಇಂಥ ಸರಕಿನಿಂದ ದೂರ ಇಡಬೇಕೆಂಬ ವಿಧಿ ಇಂದಿನ ಅಂತರರಾಷ್ಟ್ರೀಯ ನಿಯಮಾವಳಿಯಲ್ಲೂ ಉಳಿದುಕೊಂಡಿದೆ. 1959ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ ಈ ಹೊಣೆಯನ್ನು ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಗೆ ವಹಿಸಿತು. 1961ರಲ್ಲಿ ಮೊದಲ ನಿಯಮಾವಳಿ ಪ್ರಕಟವಾಯಿತು. ಅನೇಕ ಬಾರಿ ಪರಿಷ್ಕೃತವಾಗಿ ಈಗ ಎಸ್‌ಎಸ್‌ಆರ್-6 ಎಂಬ ಹೆಸರಿನಿಂದ ಚಾಲ್ತಿಯಲ್ಲಿರುವ ಅದರ 2018ರ ಆವೃತ್ತಿಯನ್ನು ಹೆಚ್ಚಿನ ದೇಶಗಳು ತಮ್ಮ ಕಾನೂನಿಗೆ ಆಧಾರವಾಗಿ ಇಟ್ಟುಕೊಂಡಿವೆ. ಭಾರತದಲ್ಲಿ 1962ರ ಪರಮಾಣು ಶಕ್ತಿ ಕಾಯಿದೆಯಡಿ ರೂಪುಗೊಂಡ 2004ರ ವಿಕಿರಣ ಸಂರಕ್ಷಣಾ ನಿಯಮಗಳು ಮತ್ತು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಸಾಗಣೆ ಸಂಹಿತೆ ಸೇರಿ ಈ ಕೆಲಸ ಮಾಡುತ್ತವೆ. 1983ರಲ್ಲಿ ಸ್ಥಾಪನೆಯಾದ ಮಂಡಳಿ 1986ರಲ್ಲಿ ಹೊರಡಿಸಿದ ಸಂಹಿತೆಯನ್ನು 2016ರಲ್ಲಿ ಪರಿಷ್ಕರಿಸಿತು.

ಎಲ್ಲ ಪೆಟ್ಟಿಗೆಗೂ ಒಂದೇ ಕಟ್ಟುನಿಟ್ಟು ಇಲ್ಲ. ಸಾಮಾನ್ಯ ಪೆಟ್ಟಿಗೆಯಲ್ಲಿ ಒಯ್ಯಬಹುದಾದ ಗರಿಷ್ಠ ವಿಕಿರಣಶೀಲತೆಯಾಗಿ ಪ್ರತಿಯೊಂದು ಐಸೋಟೋಪಿಗೂ ಎ1 ಮತ್ತು ಎ2 ಎಂಬ ಎರಡು ಅಂಕಿಗಳನ್ನು ನಿಗದಿ ಮಾಡಲಾಗಿದೆ. ಸಾಮಾನ್ಯ ಪೆಟ್ಟಿಗೆ ಒಡೆದುಹೋದಾಗ ಅದರಿಂದ ಒಂದು ಮೀಟರ್ ದೂರದಲ್ಲಿ ಅರ್ಧ ಗಂಟೆ ನಿಂತವನಿಗೆ 50 ಮಿಲಿಸೀವರ್ಟ್‌ಗಿಂತ ಹೆಚ್ಚು ವಿಕಿರಣ ತಗುಲಬಾರದು ಎಂಬ ಊಹೆಯ ಸುತ್ತ ಈ ಅಂಕಿಗಳನ್ನು ಲೆಕ್ಕ ಹಾಕಲಾಗಿದ್ದು, ವಸ್ತುವು ಬೆಂಕಿಗೂ ಹೊಡೆತಕ್ಕೂ ಜಗ್ಗದ, ಭದ್ರವಾಗಿ ಮುಚ್ಚಿದ ಲೋಹದ ಗುಳಿಗೆಯಲ್ಲಿದ್ದರೆ ಎ1, ಪುಡಿ, ದ್ರವ, ಅನಿಲದಂಥ ಹರಡಬಲ್ಲ ರೂಪದಲ್ಲಿದ್ದರೆ ಎ2 ಅನ್ವಯಿಸುತ್ತದೆ. ಕೋಬಾಲ್ಟ್-60ಕ್ಕೆ ಎರಡೂ 0.4 ಟೆರಾಬೆಕೆರೆಲ್, ಏಕೆಂದರೆ ಅದರ ಅಪಾಯವೆಲ್ಲ ಉಕ್ಕನ್ನೂ ತೂರಿ ಬರುವ ಗಾಮಾ ಕಿರಣದ್ದು. ಪ್ಲುಟೋನಿಯಂ-239ಕ್ಕೆ ಎ1 10 ಟೆರಾಬೆಕೆರೆಲ್ ಆದರೆ ಎ2 0.001, ಗುಳಿಗೆಯೊಳಗೆ ಸುಮ್ಮನಿರುವ ಈ ಧಾತು ಶ್ವಾಸಕೋಶದೊಳಗೆ ಹೋದರೆ ಹತ್ತು ಸಾವಿರ ಪಟ್ಟು ಹೆಚ್ಚು ಎಚ್ಚರಿಕೆ ಬೇಡುತ್ತದೆ ಎಂಬುದನ್ನೇ ಈ ಎರಡು ಅಂಕಿಗಳ ಅಂತರ ಹೇಳುತ್ತದೆ.

ಈ ಮಿತಿಯೊಳಗಿನ ಸರಕಿಗೆ ಎ ವರ್ಗದ ಪೆಟ್ಟಿಗೆ ಸಾಕು. ಆಸ್ಪತ್ರೆಗಳ ಅಣುವೈದ್ಯ ವಿಭಾಗಕ್ಕೆ ವಾರವಾರವೂ ಬರುವ ಮಾಲಿಬ್ಡಿನಂ-ಟೆಕ್ನೀಷಿಯಂ ಜನರೇಟರುಗಳು ಸಾಮಾನ್ಯವಾಗಿ ಹೀಗೆಯೇ, ಸೀಸದ ಗಡಿಗೆಯೊಂದನ್ನು ಒಳಗಿಟ್ಟುಕೊಂಡ ಡಬ್ಬಗಳಾಗಿ ಪ್ರಯಾಣ ಮಾಡುತ್ತವೆ. ಗಂಟೆಗೆ 5 ಸೆಂಟಿಮೀಟರ್ ಮಳೆಗೆ ಸಮನಾದ ನೀರಿನ ಸಿಂಚನ, 1.2 ಮೀಟರ್ ಎತ್ತರದಿಂದ ಬೀಳುವುದು, ತನ್ನ ತೂಕದ ಐದು ಪಟ್ಟು ಭಾರವನ್ನು 24 ಗಂಟೆ ಹೊರುವುದು, 6 ಕಿಲೋಗ್ರಾಂ ಸಲಾಕೆಯ ಹೊಡೆತ ತಿನ್ನುವುದು ಇವು ಅವುಗಳಿಗೆ ಇರುವ ಪರೀಕ್ಷೆಗಳು. ಮಳೆಗಾಲದ ಗೋದಾಮಿನಲ್ಲಿ ಒರಟು ಕೈಗಳು ಎತ್ತಿಹಾಕುವಾಗ ಆಗುವುದನ್ನೇ ಅಳತೆಗೆ ಇಳಿಸಿದಂತಿದೆ. ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣದಿಂದ ಉತ್ತರ ಕನ್ನಡದ ಕೈಗಾ ಸ್ಥಾವರಕ್ಕೆ ಬರುವ ಹೊಸ ಇಂಧನ ಕಟ್ಟುಗಳದು ಇನ್ನೂ ಹಗುರವಾದ ವರ್ಗ. ರಿಯಾಕ್ಟರಿನಲ್ಲಿ ಇನ್ನೂ ಉರಿಯದ ನೈಸರ್ಗಿಕ ಯುರೇನಿಯಂ ತೂಕಕ್ಕೆ ಹೋಲಿಸಿದರೆ ತೀರ ಕಡಿಮೆ ವಿಕಿರಣ ಸೂಸುವುದರಿಂದ ಅದಕ್ಕೆ ಕೈಗಾರಿಕಾ ಪ್ಯಾಕೇಜ್ ಎಂಬ ದರ್ಜೆ ಸಾಕಾಗುತ್ತದೆ. ಅದೇ ಕಟ್ಟು ಉರಿದು ಹೊರಬಂದ ಮೇಲೆ ಕತೆಯೇ ಬೇರೆ.

ಮಿತಿ ಮೀರಿದ ಸರಕಿಗೆ ಬಿ ವರ್ಗ. ಕ್ಯಾನ್ಸರ್ ಚಿಕಿತ್ಸೆಯ ಕೋಬಾಲ್ಟ್ ಯಂತ್ರದ 10,000 ಕ್ಯೂರಿಯ ಮೂಲವೊಂದರಲ್ಲಿ 370 ಟೆರಾಬೆಕೆರೆಲ್, ಅಂದರೆ ಎ1 ಮಿತಿಯ ಒಂಬೈನೂರು ಪಟ್ಟಿಗೂ ಹೆಚ್ಚು ಇರುತ್ತದೆ. ರಾಜಸ್ಥಾನದ ವಿದ್ಯುತ್ ರಿಯಾಕ್ಟರುಗಳಲ್ಲಿ ತಯಾರಾಗುವ ಕೋಬಾಲ್ಟ್, ವಿಕಿರಣ ಮತ್ತು ಐಸೋಟೋಪ್ ತಂತ್ರಜ್ಞಾನ ಮಂಡಳಿಯ ಮೂಲಕ ದೇಶದ ಆಸ್ಪತ್ರೆಗಳಿಗೂ, ಕೋಲಾರ ಜಿಲ್ಲೆಯ ಮಾಲೂರಿನಲ್ಲಿರುವಂಥ, ರಫ್ತಿನ ಮಾವಿನಹಣ್ಣಿಗೆ ಗಾಮಾ ಕಿರಣ ಹಾಯಿಸುವ ಘಟಕಗಳಿಗೂ ಹೋಗುವುದು ಟನ್ನುಗಟ್ಟಲೆ ಭಾರದ ಇಂಥ ಪೆಟ್ಟಿಗೆಗಳಲ್ಲಿ. ಬಿ(ಯು) ಎಂದರೆ ತಯಾರಾದ ದೇಶವೊಂದರ ಅನುಮೋದನೆ ಸಾಕಾಗುವ ವಿನ್ಯಾಸ, ಬಿ(ಎಂ) ಎಂದರೆ ದಾರಿಯ ಪ್ರತಿ ದೇಶವೂ ಒಪ್ಪಬೇಕಾದದ್ದು. ಭಾರಿ ಪ್ರಮಾಣವನ್ನು ವಿಮಾನದಲ್ಲಿ ಒಯ್ಯುವ ಸಿ ವರ್ಗವೂ ಇದ್ದು, ಅದು ಸೆಕೆಂಡಿಗೆ 90 ಮೀಟರ್ ವೇಗದ ಡಿಕ್ಕಿಯನ್ನು ತಾಳಬೇಕು.

ಬಿ ವರ್ಗದ ಸುರಕ್ಷತಾ ವರದಿಯ ಅಧ್ಯಾಯ ವಿಭಾಗ ಹಲವು ದೇಶಗಳಲ್ಲಿ ಹೆಚ್ಚುಕಡಿಮೆ ಒಂದೇ. ಅಮೆರಿಕದ ಪರಮಾಣು ನಿಯಂತ್ರಣ ಆಯೋಗ 7.9 ಸಂಖ್ಯೆಯ ಮಾರ್ಗದರ್ಶಿಯಲ್ಲಿ ಗೊತ್ತುಮಾಡಿದ ಕ್ರಮದಂತೆ ವಿವರಣೆ, ರಚನೆ, ಶಾಖ, ಧಾರಣೆ, ಕವಚ, ಕ್ರಾಂತಿಕತೆ, ಬಳಕೆಯ ವಿಧಾನ, ಸ್ವೀಕಾರ ಪರೀಕ್ಷೆ ಮತ್ತು ನಿರ್ವಹಣೆ ಎಂದು ಅದು ಸಾಗುತ್ತದೆ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯೂ 2022ರಲ್ಲಿ ಇಂಥ ವರದಿಯ ಸ್ವರೂಪಕ್ಕೆಂದೇ ಪ್ರತ್ಯೇಕ ಕೈಪಿಡಿ ಹೊರತಂದಿದೆ. ಈ ಅಧ್ಯಾಯಗಳು ಒಂದರ ಮೇಲೊಂದು ನಿಂತಿವೆ. ಬಿದ್ದು ನಜ್ಜುಗುಜ್ಜಾದ ಪೆಟ್ಟಿಗೆಯ ಆಕಾರವನ್ನು ರಚನೆಯ ಅಧ್ಯಾಯ ಕೊಟ್ಟರೆ ಮಾತ್ರ ಶಾಖದ ಅಧ್ಯಾಯ ಅದನ್ನು ಬೆಂಕಿಗೆ ಒಡ್ಡಬಲ್ಲದು, ಬೆಂಕಿಯಲ್ಲಿ ಮುಚ್ಚಳದ ಉಂಗುರ ಎಷ್ಟು ಬಿಸಿಯಾಯಿತೆಂದು ಅದು ಹೇಳಿದ ಮೇಲಷ್ಟೇ ಸೋರಿಕೆಯ ಲೆಕ್ಕ ಶುರುವಾಗುತ್ತದೆ.

ರಚನೆಯ ಅಧ್ಯಾಯದ ಕೇಂದ್ರದಲ್ಲಿರುವುದು 9 ಮೀಟರ್ ಎತ್ತರದ ಬೀಳು. ಅಷ್ಟು ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 48 ಕಿಲೋಮೀಟರ್ ಮಾತ್ರ, ಹೆದ್ದಾರಿಯ ಬಸ್ಸುಗಳೇ ಅದಕ್ಕಿಂತ ಜೋರಾಗಿ ಓಡುತ್ತವೆ ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಆಕ್ಷೇಪಿಸುವವರು ನೆಲವನ್ನು ಗಮನಿಸಿರುವುದಿಲ್ಲ. ನಿಯಮ ಕೇಳುವುದು ಕಿಂಚಿತ್ತೂ ಜಗ್ಗದ ಗುರಿ, ಅಂದರೆ ಪೆಟ್ಟಿಗೆಯ ಹತ್ತು ಪಟ್ಟಾದರೂ ತೂಕದ ಕಾಂಕ್ರೀಟಿನ ಮೇಲೆ ದಪ್ಪ ಉಕ್ಕಿನ ಹಲಗೆ ಕೂರಿಸಿದ ಹಾಸು. ಮಣ್ಣು, ಡಾಂಬರು, ಎದುರಿನ ವಾಹನ ಇವೆಲ್ಲ ತಾವೇ ನಜ್ಜಾಗಿ ಪೆಟ್ಟಿನ ಬಹುಪಾಲನ್ನು ನುಂಗಿಕೊಳ್ಳುತ್ತವೆ, ಈ ಹಾಸು ಏನನ್ನೂ ನುಂಗುವುದಿಲ್ಲವಾದ್ದರಿಂದ ಇಡೀ ಪೆಟ್ಟು ಪೆಟ್ಟಿಗೆಗೇ ಮರಳುತ್ತದೆ. ಪೆಟ್ಟಿಗೆ ಯಾವ ಕೋನದಲ್ಲಿ ಬಿದ್ದರೆ ಹೆಚ್ಚು ಹಾನಿಯೋ ಆ ಕೋನದಲ್ಲೇ ಬೀಳಿಸಬೇಕು. ಅದು ಬುಡವೋ ಮೂಲೆಯೋ ಮುಚ್ಚಳದ ಅಂಚೋ ಎಂಬುದನ್ನು ಹುಡುಕುವುದೇ ವರದಿಕಾರನ ನಿಜವಾದ ಕೆಲಸ, ಮತ್ತು ಅನುಭವಿ ಪರಿಶೀಲಕ ಮೊದಲು ಕೇಳುವ ಪ್ರಶ್ನೆಯೂ ಅದೇ. ಅನಂತರ ಅದೇ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ 15 ಸೆಂಟಿಮೀಟರ್ ವ್ಯಾಸದ ಉಕ್ಕಿನ ಗೂಟದ ಮೇಲೆ ಒಂದು ಮೀಟರ್ ಎತ್ತರದಿಂದ ಬೀಳಿಸಲಾಗುತ್ತದೆ. ಪೆಟ್ಟನ್ನು ಹೀರಲು ಎರಡೂ ತುದಿಗಳಿಗೆ ಕಟ್ಟುವ ದಪ್ಪ ಟೊಪ್ಪಿಗೆಗಳಲ್ಲಿ ತುಂಬುವುದು ಬಾಲ್ಸಾದಂಥ ಹಗುರ ಮರವನ್ನೋ ಪಾಲಿಯುರೆಥೇನ್ ನೊರೆಯನ್ನೋ. ನೂರು ಟನ್ನಿನ ಉಕ್ಕಿನ ಭಾಂಡವನ್ನು, ಅಂದರೆ ಇಂಥ ಭಾರಿ ಪೆಟ್ಟಿಗೆಯನ್ನು, ಕಾಯುವ ಹೊಣೆ ಕಡೆಗೆ ಉಗುರಿನಿಂದ ಗೀರಬಹುದಾದ ಮರದ ಪಾಲಿಗೆ ಬರುತ್ತದೆ.

ಜರ್ಮನಿಯ ಹೋರ್ಸ್ಟ್‌ವಾಲ್ಡೆಯಲ್ಲಿ ಆ ದೇಶದ ವಸ್ತು ಪರೀಕ್ಷಾ ಸಂಸ್ಥೆ 200 ಟನ್ನಿನವರೆಗಿನ ಭಾಂಡಗಳನ್ನು ಬೀಳಿಸಬಲ್ಲ ಗೋಪುರವನ್ನೇ ಕಟ್ಟಿದೆ. ಎಲ್ಲ ವಿನ್ಯಾಸಕ್ಕೂ ಪೂರ್ಣ ಗಾತ್ರದ ಪರೀಕ್ಷೆ ಕಡ್ಡಾಯವಲ್ಲ. ಕಿರುಮಾದರಿ, ಕಂಪ್ಯೂಟರ್ ಲೆಕ್ಕ, ಹಿಂದಿನ ವಿನ್ಯಾಸದೊಡನೆ ಹೋಲಿಕೆ ಇವೂ ಒಪ್ಪಿತ ಪುರಾವೆಗಳೇ, ಆದರೆ ಲೆಕ್ಕದ ವಿಧಾನ ನಿಜವಾದ ಬೀಳಿನ ಫಲಿತಾಂಶಕ್ಕೆ ತಾಳೆಯಾಗುತ್ತದೆಂದು ಮೊದಲು ತೋರಿಸಿರಬೇಕು. ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಬೇರೆ ಬಗೆಯ ಪರೀಕ್ಷೆ. 1984ರ ಜುಲೈ 17ರಂದು ಇಂಗ್ಲೆಂಡಿನ ಓಲ್ಡ್ ಡಾಲ್ಬಿಯಲ್ಲಿ ಹಳಿಯ ಮೇಲೆ ಅಡ್ಡ ಇಟ್ಟ ಇಂಧನ ಭಾಂಡಕ್ಕೆ ಚಾಲಕನಿಲ್ಲದ ರೈಲೊಂದನ್ನು ಗಂಟೆಗೆ ಸುಮಾರು 160 ಕಿಲೋಮೀಟರ್ ವೇಗದಲ್ಲಿ ಗುದ್ದಿಸಲಾಯಿತು, ಎಂಜಿನ್ ಚಿಂದಿಯಾಯಿತು, ಭಾಂಡದೊಳಗೆ ತುಂಬಿದ್ದ ಗಾಳಿಯ ಒತ್ತಡ ಮಾತ್ರ ಬಹುಪಾಲು ಹಾಗೇ ಇತ್ತು. ವೀಕ್ಷಕರಿಗೆ ಧೈರ್ಯ ತುಂಬಿದ ಈ ದೃಶ್ಯ ನಿಯಮದ ಯಾವ ಪರೀಕ್ಷೆಯೂ ಆಗಿರಲಿಲ್ಲ. ಜಗ್ಗದ ಹಾಸಿನ ಮೇಲಿನ ನೀರಸ 9 ಮೀಟರ್ ಬೀಳೇ ಭಾಂಡದ ಪಾಲಿಗೆ ಹೆಚ್ಚು ಕಠಿಣವಾದುದು.

ಬಿದ್ದು ಗೂಟ ಚುಚ್ಚಿಸಿಕೊಂಡ ಅದೇ ಪೆಟ್ಟಿಗೆ ದುರಸ್ತಿಯಿಲ್ಲದೆ ಬೆಂಕಿಗೆ ಹೋಗುತ್ತದೆ: 800 ಡಿಗ್ರಿ ಸೆಲ್ಸಿಯಸ್, 30 ನಿಮಿಷ, ಸುತ್ತಲೂ ಜ್ವಾಲೆ. ಬೆಂಕಿ ಆರಿದ ಮೇಲೆ ನೀರು ಹಾಕಿ ತಣಿಸುವಂತಿಲ್ಲ, ಏಕೆಂದರೆ ಹೊರಮೈಯ ಶಾಖ ನಿಧಾನವಾಗಿ ಒಳಕ್ಕೆ ಇಳಿಯುವುದರಿಂದ ಮುಚ್ಚಳದ ಉಂಗುರ ಅತಿ ಬಿಸಿಯಾಗುವುದು ಎಷ್ಟೋ ಸಲ ಜ್ವಾಲೆ ನಿಂತು ಬಹಳ ಹೊತ್ತಾದ ಮೇಲೆ. ಸೀಸ 327 ಡಿಗ್ರಿಯಲ್ಲಿ ಕರಗುತ್ತದೆ. ಕರಗುವಾಗ ಹಿಗ್ಗಿ ಉಕ್ಕಿನ ಗೋಡೆಯನ್ನು ತಳ್ಳಿ, ಗಟ್ಟಿಯಾಗುವಾಗ ಕುಗ್ಗಿ ಮೇಲ್ಗಡೆ ಪೊಳ್ಳು ಬಿಡುವುದರಿಂದ ಆ ಪೊಳ್ಳಿನ ಮೂಲಕ ಕಿರಣ ಹಾಯುವ ಪ್ರಮಾಣವನ್ನು ಕವಚದ ಅಧ್ಯಾಯ ಪ್ರತ್ಯೇಕವಾಗಿ ಲೆಕ್ಕ ಹಾಕಬೇಕಾಗುತ್ತದೆ. ಅಪಘಾತದ ಅನಂತರವೂ ಒಂದು ಮೀಟರ್ ದೂರದಲ್ಲಿ ಗಂಟೆಗೆ 10 ಮಿಲಿಸೀವರ್ಟ್ ಮೀರಬಾರದೆಂಬುದು ಮಿತಿ. ಸಾಮಾನ್ಯ ಸಾಗಣೆಯಲ್ಲಿ ಪೆಟ್ಟಿಗೆಯ ಮೈಮೇಲೇ ಗಂಟೆಗೆ 2 ಮಿಲಿಸೀವರ್ಟ್ ಮೀರುವಂತಿಲ್ಲ. ಕಡೆಗೆ 15 ಮೀಟರ್ ಆಳದ ನೀರಿನಲ್ಲಿ 8 ಗಂಟೆ ಮುಳುಗಿಸುವ ಪರೀಕ್ಷೆಯೂ ಇದ್ದು, ಬಳಸಿದ ಇಂಧನದಂಥ ಭಾರಿ ಸರಕಿಗೆ ಅದು 200 ಮೀಟರ್ ಆಳ.

ಧಾರಣೆಯ ಅಧ್ಯಾಯದ ನಾಯಕ ಮುಚ್ಚಳದ ಕೆಳಗಿನ ತೋಡಿನಲ್ಲಿ ಕೂರುವ ಓ-ರಿಂಗ್, ಕಿರುಬೆರಳಿಗಿಂತ ಸಣ್ಣ ದಪ್ಪದ ರಬ್ಬರ್ ಉಂಗುರ. ಬೆಂಕಿಯಲ್ಲಿ ಅದು ಸುಟ್ಟು ಕಲ್ಲಾಗಬಾರದು, ನಿಯಮ ಹೇಳುವ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿ ಮರಗಟ್ಟಲೂಬಾರದು. ಒಂದಕ್ಕೆ ಹೊಂದುವ ರಬ್ಬರು ಇನ್ನೊಂದಕ್ಕೆ ಹೊಂದದಿರುವುದೇ ಹೆಚ್ಚು. ದೀರ್ಘ ಕಾಲ ದಾಸ್ತಾನಿಡುವ ಭಾಂಡಗಳಲ್ಲಂತೂ ಲೋಹದ ಉಂಗುರ ಬಳಸುತ್ತಾರೆ. ಸಾಮಾನ್ಯ ಸಾಗಣೆಯಲ್ಲಿ ಅನುಮತಿಸಿದ ಸೋರಿಕೆ ಗಂಟೆಗೆ ಎ2ವಿನ ಹತ್ತು ಲಕ್ಷದಲ್ಲೊಂದು ಭಾಗ. ಪ್ಲುಟೋನಿಯಂ-239ರಲ್ಲಿ ಇದು ಅರ್ಧ ಮೈಕ್ರೊಗ್ರಾಮಿಗೂ ಕಡಿಮೆ ಧೂಳು. ಇಷ್ಟು ಅಲ್ಪವನ್ನು ತೂಗಿ ನೋಡಲಾಗದ ಕಾರಣ, ಒಳಗೆ ಹೀಲಿಯಂ ತುಂಬಿ ಹೊರಗೆ ಎಷ್ಟು ಹೀಲಿಯಂ ಕಾಣುತ್ತದೆಂದು ಉಪಕರಣದಿಂದ ಅಳೆದು, ಅದರಿಂದ ಧೂಳು ಹಾಯಬಹುದಾದ ಸಂದನ್ನು ಊಹಿಸಲಾಗುತ್ತದೆ.

ಕ್ರಾಂತಿಕತೆ ಎಂದರೆ ಯುರೇನಿಯಂ-235 ಅಥವಾ ಪ್ಲುಟೋನಿಯಂನಂಥ ವಿದಳನಶೀಲ ವಸ್ತುವಿನಲ್ಲಿ ಸರಪಳಿ ಕ್ರಿಯೆ ತನ್ನಷ್ಟಕ್ಕೆ ನಡೆದುಕೊಂಡು ಹೋಗುವ ಸ್ಥಿತಿ. ನೀರು ನ್ಯೂಟ್ರಾನುಗಳನ್ನು ನಿಧಾನಗೊಳಿಸಿ ಕ್ರಿಯೆಗೆ ಕುಮ್ಮಕ್ಕು ಕೊಡುವುದರಿಂದ ಪೆಟ್ಟಿಗೆಯೊಳಗೆ ನೀರು ನುಗ್ಗಿದೆ ಎಂದೇ ಭಾವಿಸಿ ಲೆಕ್ಕ ಮಾಡಬೇಕು, ಮತ್ತು ನ್ಯೂಟ್ರಾನುಗಳು ಒಂದು ಪೀಳಿಗೆಯಿಂದ ಮುಂದಿನದಕ್ಕೆ ಎಷ್ಟು ಪಟ್ಟಾಗುತ್ತವೆಂದು ಹೇಳುವ ಗುಣಾಂಕ 1ನ್ನು ಮುಟ್ಟುವುದಿರಲಿ, ರೂಢಿಯಂತೆ 0.95ನ್ನೂ ದಾಟಬಾರದು. ಕೈಗಾಕ್ಕೆ ಬರುವ ನೈಸರ್ಗಿಕ ಯುರೇನಿಯಂ ಇಂಧನಕ್ಕೆ ಈ ತಲೆನೋವು ಇಲ್ಲ.

ಇಷ್ಟೆಲ್ಲ ಲೆಕ್ಕದ ಅನಂತರ ಬರುವ ಬಳಕೆಯ ವಿಧಾನ ಮತ್ತು ನಿರ್ವಹಣೆಯ ಅಧ್ಯಾಯಗಳು ಸಾಮಾನ್ಯವಾಗಿ ತೆಳ್ಳಗಿರುತ್ತವೆ. ಓದುವವರೂ ಅಲ್ಲಿಗೆ ಬರುವ ಹೊತ್ತಿಗೆ ದಣಿದಿರುತ್ತಾರೆ. ಆದರೆ ದಾಖಲಾದ ಅವಘಡಗಳನ್ನು ನೋಡಿದರೆ ಪೆಟ್ಟಿಗೆಗಳು ಹೆಚ್ಚಾಗಿ ಸೋತದ್ದು ಬೀಳಿನಿಂದಲೂ ಅಲ್ಲ, ಬೆಂಕಿಯಿಂದಲೂ ಅಲ್ಲ, ಈ ತೆಳು ಅಧ್ಯಾಯಗಳ ವ್ಯಾಪ್ತಿಯಲ್ಲೇ. 2002ರ ಮಾರ್ಚಿನಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಆಸ್ಪತ್ರೆಯೊಂದರಿಂದ ಸೆಲ್ಲಾಫೀಲ್ಡಿಗೆ ಹಳೆಯ ಕೋಬಾಲ್ಟ್ ಮೂಲವನ್ನು ಲಾರಿಯಲ್ಲಿ ಸಾಗಿಸುವಾಗ ಭಾಂಡದ ತಳದ ಕವಚ ಬಿರಡೆಯನ್ನು ಹಾಕುವುದೇ ಮರೆತುಹೋಗಿತ್ತು. ಸುಮಾರು 200 ಕಿಲೋಮೀಟರ್ ದಾರಿಯುದ್ದಕ್ಕೂ ಗಾಮಾ ಕಿರಣದ ಕೋಲೊಂದು ಲಾರಿಯ ಅಡಿಯಿಂದ ನೇರ ರಸ್ತೆಗೆ ಇಳಿಯುತ್ತಿತ್ತು. ಅದು ಕೆಳಮುಖವಾಗಿದ್ದುದರಿಂದ ಯಾರಿಗೂ ಹಾನಿಯಾಗಲಿಲ್ಲ, ಅಡ್ಡಕ್ಕಿದ್ದರೆ ಪಕ್ಕದಲ್ಲಿ ಸಾಗಿದವರಿಗೆ ತಗುಲುತ್ತಿತ್ತು. ಸಾಗಿಸಿದ ಸಂಸ್ಥೆಗೆ 2006ರಲ್ಲಿ ನ್ಯಾಯಾಲಯ 2,50,000 ಪೌಂಡ್ ದಂಡ ವಿಧಿಸಿತು. ಆ ಭಾಂಡವನ್ನು 9 ಮೀಟರಿನಿಂದ ಬೀಳಿಸಿದ್ದರೆ ಉತ್ತೀರ್ಣವಾಗುತ್ತಿತ್ತೇನೋ, ಬಿರಡೆ ಇಲ್ಲದ ಭಾಂಡಕ್ಕೆ ಆ ಉತ್ತೀರ್ಣತೆಯಿಂದ ಪ್ರಯೋಜನವಿರಲಿಲ್ಲ.

ಇನ್ನೆರಡು ಪ್ರಕರಣಗಳಲ್ಲಿ ತಪ್ಪು ಮರೆವಿನದಲ್ಲ, ದಾರಿಯ ಅಲುಗಾಟದ್ದು. 2001ರ ಕೊನೆಗೆ ಸ್ವೀಡನ್ನಿನಿಂದ ಪ್ಯಾರಿಸ್ ಮಾರ್ಗವಾಗಿ ಅಮೆರಿಕಕ್ಕೆ ಹೊರಟ ಇರಿಡಿಯಂ-192ರ ಪೆಟ್ಟಿಗೆಯೊಂದರಲ್ಲಿ ಒಳಗಿನ ಕೊಳವೆಗಳ ತಿರುಪು ಮುಚ್ಚಳಗಳು ದಾರಿಯಲ್ಲಿ ಸಡಿಲಗೊಂಡು ಬಿಚ್ಚಿಕೊಂಡು, ಗುಳಿಗೆಗಳು ಕವಚದ ದುರ್ಬಲ ಕಡೆಗೆ ಚೆದುರಿದ್ದವು. 2023ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯದ ನ್ಯೂಮನ್ ಪಟ್ಟಣದ ಸಮೀಪದ ಗಣಿಯಿಂದ ಪರ್ತ್ ನಗರಕ್ಕೆ 1,400 ಕಿಲೋಮೀಟರ್ ಸಾಗಿದ ಅದಿರಿನ ಅಳತೆ ಯಂತ್ರದ ತಿರುಪುಗಳು ಕಳಚಿ, ಬೋಲ್ಟೊಂದು ಬಿದ್ದುಹೋಗಿ, ಸೀಸಿಯಂ-137 ತುಂಬಿದ 6 ಮಿಲಿಮೀಟರ್ ಅಗಲ, 8 ಮಿಲಿಮೀಟರ್ ಎತ್ತರದ ಗುಳಿಗೆ ರಸ್ತೆಗೆ ಉದುರಿತು. ಕಳೆದದ್ದು ಗೊತ್ತಾದದ್ದೇ ಪೆಟ್ಟಿಗೆ ತಲುಪಿ ದಿನಗಳಾದ ಮೇಲೆ, ತೆರೆದು ನೋಡಿದಾಗ. ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದ್ದ ಶೋಧಕ ವಾಹನದ ಉಪಕರಣ ಫೆಬ್ರವರಿ 1ರಂದು ಅದನ್ನು ರಸ್ತೆಯಂಚಿನಿಂದ ಸುಮಾರು ಎರಡು ಮೀಟರ್ ಆಚೆ ಪತ್ತೆ ಮಾಡಿತು. ಮಾಮೂಲು ಪ್ರಯಾಣದ ಅಲುಗಾಟಕ್ಕೆ ನಟ್ಟುಬೋಲ್ಟುಗಳು ತಾವಾಗಿ ಸಡಿಲಗೊಳ್ಳದಂತೆ ವಿನ್ಯಾಸವಿರಬೇಕೆಂದು ಅಂತರರಾಷ್ಟ್ರೀಯ ನಿಯಮ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತದೆ; ಬೀಳು ಮತ್ತು ಬೆಂಕಿಗೆ ಅದು ಕೊಡುವ ಪುಟಗಳ ಎದುರು ಈ ವಾಕ್ಯ ಬಡವಾಗಿ ಕಾಣುತ್ತದೆ.

ಹೀಗಾಗಿ ಒಳ್ಳೆಯ ಪರಿಶೀಲಕ ವರದಿಯನ್ನು ಮೊದಲಿನಿಂದ ಕೊನೆಗೆ ಓದುವ ಬದಲು ಒಂದು ಬೋಲ್ಟನ್ನು ಹಿಡಿದು ಹೊರಡುತ್ತಾನೆ. ನಕ್ಷೆಯಲ್ಲಿ ಅದರ ಲೋಹ ಮತ್ತು ಅಳತೆ ಯಾವುದು, ರಚನೆಯ ಅಧ್ಯಾಯ ಯಾವ ಬಿಗಿತವನ್ನು ಊಹಿಸಿ ಲೆಕ್ಕ ಹಾಕಿದೆ, ಬಳಕೆಯ ಅಧ್ಯಾಯ ಕೆಲಸಗಾರನಿಗೆ ಅದೇ ಬಿಗಿತವನ್ನು ಬಿಗಿತಮಾಪಕ ಪಾನೆಯ ಅಂಕಿಯಾಗಿ ಕೊಟ್ಟಿದೆಯೇ, ನಿರ್ವಹಣೆಯ ಅಧ್ಯಾಯ ಆ ಬೋಲ್ಟನ್ನು ಎಷ್ಟು ಪ್ರಯಾಣಕ್ಕೊಮ್ಮೆ ಬದಲಿಸಲು ಹೇಳಿದೆ ಎಂಬ ನಾಲ್ಕು ಕಡೆಯ ಅಂಕಿಗಳು ತಾಳೆಯಾಗದಿದ್ದರೆ ವರದಿ ಪ್ರಶ್ನಾವಳಿಯೊಂದಿಗೆ ಹಿಂದಿರುಗುತ್ತದೆ. ಕವಚ ಹಾಗೂ ಕ್ರಾಂತಿಕತೆಯ ಲೆಕ್ಕಗಳನ್ನು ನಿಯಂತ್ರಣ ಸಂಸ್ಥೆ ತನ್ನದೇ ಕಂಪ್ಯೂಟರಿನಲ್ಲಿ ಮತ್ತೊಮ್ಮೆ ಮಾಡಿ ನೋಡುವುದೂ ಉಂಟು. ಒಪ್ಪಿಗೆಯಾದಾಗ ದೊರೆಯುವ ಪ್ರಮಾಣಪತ್ರಕ್ಕೆ ದೇಶದ ಸಂಕೇತ, ವಿನ್ಯಾಸದ ಸಂಖ್ಯೆ ಮತ್ತು ವರ್ಗ ಸೇರಿದ ಗುರುತು ಇರುತ್ತದೆ. ಭಾರತದ ಗುರುತು ಐಎನ್‌ಡಿ ಎಂದು ಶುರುವಾಗುತ್ತದೆ. ಪತ್ರಕ್ಕೆ ಅವಧಿಯಿದೆ, ಅವಧಿ ಮುಗಿದಾಗ ವರದಿಯನ್ನು ಅಂದಿನ ನಿಯಮಕ್ಕೆ ಹೊಂದಿಸಿ ಮತ್ತೆ ಸಲ್ಲಿಸಬೇಕು. ಬಳಸಿದ ಇಂಧನವನ್ನು ದಶಕಗಳ ಕಾಲ ಅದೇ ಭಾಂಡದಲ್ಲಿ ದಾಸ್ತಾನಿಟ್ಟು ಆಮೇಲೆ ಸಾಗಿಸುವ ಪದ್ಧತಿ ಹಲವು ದೇಶಗಳಲ್ಲಿ ಬೆಳೆದಿರುವುದರಿಂದ, ಉಂಗುರ, ಬೋಲ್ಟು, ಲೋಹಗಳ ಮುಪ್ಪನ್ನೂ ವಿನ್ಯಾಸ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು 2018ರ ಆವೃತ್ತಿ ಸೇರಿಸಿತು. ಇದರ ಅರ್ಥ, ವರದಿ ಬರೆದವರು ನಿವೃತ್ತರಾದ ಎಷ್ಟೋ ವರ್ಷದ ಮೇಲೆ ಅದನ್ನು ತೆರೆದು ಓದುವವರಿಗೂ ಪ್ರತಿ ಅಂಕಿ ಎಲ್ಲಿಂದ ಬಂತೆಂಬುದು ತಿಳಿಯುವಂತಿರಬೇಕು.

ಪೆಟ್ಟಿಗೆಯ ಹೊರಗೆ ಅಂಟಿಸುವ ಬಿಳಿ ಮತ್ತು ಹಳದಿ ಚೀಟಿಗಳು ಒಳಗೇನಿದೆ, ಹೊರಗಿನ ವಿಕಿರಣ ಯಾವ ಮಟ್ಟದ್ದು ಎಂಬುದನ್ನು ದಾರಿಯ ಜನರಿಗೆ ತಿಳಿಸುತ್ತವೆ. ಬೆಂಕಿಯಲ್ಲಿ ಈ ಚೀಟಿಗಳು ಸುಟ್ಟುಹೋಗುತ್ತವೆ, ಚಾಲಕನ ಬಳಿಯ ಕಾಗದಗಳೂ ಉಳಿಯುವುದಿಲ್ಲ. ಅದಕ್ಕೇ ಬಿ ಮತ್ತು ಸಿ ವರ್ಗದ ಪ್ಯಾಕೇಜುಗಳಲ್ಲಿ ಬೆಂಕಿಗೂ ನೀರಿಗೂ ಬಗ್ಗದ ಅತಿ ಹೊರಗಿನ ಪಾತ್ರೆಯ ಮೇಲೆ ವಿಕಿರಣದ ಮೂರೆಸಳಿನ ಚಿಹ್ನೆಯನ್ನು ಅಳಿಯದಂತೆ ಒತ್ತಿರಬೇಕು ಅಥವಾ ಕೆತ್ತಿರಬೇಕು ಎಂದು ನಿಯಮ ವಿಧಿಸಿದೆ.